ಕಾಲು ಕಚ್ಚುವ ಪೆಡಲು

ನಮ್ಮ ಮನೆಯಲ್ಲಿ ಮೊದಲು ಬಿದ್ದವರು ನಮ್ಮ ಯಜಮಾನರು. ಸಾಗರದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಇಪ್ಪತ್ತು ವರ್ಷ ಕೂತಲ್ಲೇ ಕೂತು, ಹೊಟ್ಟೆ ಮೇಜಿಗೆ ತಾಗಲು ಶುರುವಾದ ಮೇಲೆ ಅವರಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಹಾಲು ತರುವ ಸೈಕಲ್ಲಲ್ಲ. ಹೆಬ್ಬೆರಳಿನಷ್ಟು ತೆಳ್ಳಗಿನ ಟಯರು, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು; ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲೂ ಇಲ್ಲ. ಅದನ್ನು ಸೈಕಲ್ ಎನ್ನಬಾರದು, ರೋಡ್ ಬೈಕ್ ಎನ್ನಬೇಕಂತೆ. ಅದರ ಜೊತೆಗೇ ವಿಚಿತ್ರವಾದ ಬೂಟುಗಳೂ ಬಂದವು. ಬೂಟಿನ ಅಡಿಗೆ ಮೂರು ಸ್ಕ್ರೂ ಹಾಕಿ ಬಿಗಿದ ಪ್ಲಾಸ್ಟಿಕ್ ಬಿಲ್ಲೆ. ಆ ಬಿಲ್ಲೆಯನ್ನು ಪೆಡಲಿನ ಮೇಲಿಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಮಾತ್ರ ಬಿಡುತ್ತದೆ. ಈ ಪೆಡಲಿನ ಹೆಸರು ಕ್ಲಿಪ್‌ಲೆಸ್, ಅಂದರೆ ಕ್ಲಿಪ್ ಇಲ್ಲದ್ದು. ಮಾಡುವುದೆಲ್ಲ ಕ್ಲಿಪ್ಪಿನ ಕೆಲಸವೇ. ಹೆಸರಿಟ್ಟವನು ಅದನ್ನು ಒಮ್ಮೆಯೂ ತುಳಿದಿರಲಿಕ್ಕಿಲ್ಲ.

ಸೈಕಲ್ ತಂದ ಮೂರನೆಯ ದಿನ ಬೆಳಗ್ಗೆ, ತರಕಾರಿ ಮಾರುಕಟ್ಟೆಯ ಎದುರು ಒಂದು ದನ ರಸ್ತೆಗೆ ಅಡ್ಡ ನಿಂತಿತ್ತು. ಅವರು ಬ್ರೇಕ್ ಹಿಡಿದರು. ಸೈಕಲ್ ನಿಂತಿತು, ಕಾಲು ಪೆಡಲಿನಲ್ಲೇ ಉಳಿಯಿತು. ಗೊನೆ ಭಾರಕ್ಕೆ ಬಾಳೆ ವಾಲುವ ಹಾಗೆ ನಿಧಾನಕ್ಕೆ ವಾಲಿ, ಸೊಪ್ಪು ಮಾರುವವಳ ಬುಟ್ಟಿಯ ಪಕ್ಕ ಬಿದ್ದರು. ಮೊಣಕೈ ತರಚಿಕೊಂಡು ಮನೆಗೆ ಬಂದವರು ದನದ್ದೇ ತಪ್ಪು ಎಂದರು. ದನ ಓಡುತ್ತಿತ್ತೋ ನಿಂತಿತ್ತೋ ಎಂದು ಕೇಳಿದೆ. ನಿಂತಿತ್ತಂತೆ. ಹಾಗಾದರೆ ನೀವು ಎಂದೆ. ನಾನೂ ನಿಂತಿದ್ದೆ ಎಂದರು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ನಿಂತ ದನಕ್ಕೆ ಹೆದರಿ ನಿಂತಲ್ಲೇ ಬಿದ್ದ ಮನುಷ್ಯನ ಕಥೆ ಸ್ಟಾಫ್ ರೂಮಿಗೆ ಒಂದು ವಾರ ಸಾಕಾಯಿತು. ನಾನು ಹೇಳಿದ್ದು ಮಾತ್ರವಲ್ಲ, ಕುರ್ಚಿಯ ಮೇಲೆ ಕೂತು ವಾಲಿ ತೋರಿಸಿದೆ ಕೂಡ. ಆ ನಗು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು. ಕನ್ನಡಕ ಸರಿ ಮಾಡಿಸಲು ಅಂಗಡಿಗೆ ಹೋಗಿದ್ದ ನಮ್ಮ ಇತಿಹಾಸದ ಮೇಷ್ಟ್ರು, ಈಗ ಮೊಣಕೈ ಹೇಗಿದೆ ಎಂದು ಅವರನ್ನು ವಿಚಾರಿಸಿದ್ದರಂತೆ. ಆ ದಿನ ಊಟಕ್ಕೆ ಬಂದವರು ಸೈಕಲ್ಲನ್ನು ಎತ್ತಿ ಜಗುಲಿಯ ಗೋಡೆಗೆ ನೇತುಹಾಕಿದರು. ಕೈ ತೊಳೆಯುತ್ತ ಒಂದೇ ಮಾತು ಹೇಳಿದರು.

"ನೀನೇ ಒಂದ್ಸಲ ಹತ್ತಿ ನೋಡು. ಆಮೇಲೆ ಎಂತ ಬೇಕಾದ್ರೂ ಹೇಳು."

ಹತ್ತುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ನಾವಿಬ್ಬರೂ ಒಂದೇ ಎತ್ತರ. ಮದುವೆಯ ಫೋಟೋ ತೆಗೆಯುವಾಗ ಅವರನ್ನು ಮಣೆಯ ಮೇಲೆ ನಿಲ್ಲಿಸಿದ್ದರು. ನನ್ನ ಅಳತೆಯ ಬೂಟು ಮಾತ್ರ ತರಿಸಿಕೊಂಡೆ. ಅವರೇ ಬಿಲ್ಲೆ ಬಿಗಿದುಕೊಟ್ಟರು, ಸೀಟನ್ನು ಒಂದು ಬೆರಳಿನಷ್ಟು ಇಳಿಸಿದರು. ಗೋಡೆ ಹಿಡಿದುಕೊಂಡು ಮೊದಲು ಎಡಗಾಲೊಂದನ್ನೇ ಐವತ್ತು ಸಲ ಹಾಕಿ ತೆಗೆ, ಆಮೇಲೆ ಬಲಗಾಲು ಎಂದರು. ಮಾರುಕಟ್ಟೆಯಲ್ಲಿ ಬಿದ್ದವರಿಂದ ನಾನು ಉಪದೇಶ ತೆಗೆದುಕೊಳ್ಳಬೇಕೆ? ತಿರುಗುಬಲ ಎಂದರೇನು, ಗುರುತ್ವ ಕೇಂದ್ರ ಎಂದರೇನು ಎಂದು ಪ್ರತಿ ವರ್ಷ ನೂರಾರು ಮಕ್ಕಳಿಗೆ ಹೇಳಿಕೊಡುವವಳು ನಾನು. ಹಿಮ್ಮಡಿ ತಿರುಚುವುದಕ್ಕೆ ಐವತ್ತು ಸಲದ ಅಭ್ಯಾಸ ಬೇಕಾದವರು ಕನ್ನಡಕದ ಅಂಗಡಿಯಲ್ಲಿ ಇರಲಿ ಎಂದುಕೊಂಡೆ.

ಬೇಸಿಗೆ ರಜೆಯ ಒಂದು ಬೆಳಗ್ಗೆ ಕಾಲೇಜಿನ ಮೈದಾನಕ್ಕೆ ಹೋದೆ. ಗೋಲ್ ಕಂಬ ಹಿಡಿದುಕೊಂಡು ಎರಡೂ ಕಾಲನ್ನು ಒಟ್ಟಿಗೇ ಕಚ್ಚಿಸಿ ಹೊರಟೆ. ಹೇಳಲೇಬೇಕು, ಸೊಗಸಾಗಿತ್ತು. ಕಾಲು ಎತ್ತುವಾಗಲೂ ಪೆಡಲು ಜೊತೆಗೇ ಬರುತ್ತದೆ, ತುಳಿದದ್ದು ಒಂದು ಚೂರೂ ದಂಡವಾಗುವುದಿಲ್ಲ. ಮೊದಲನೆಯ ಸುತ್ತಿನಲ್ಲಿ ಯಜಮಾನರ ಬಗ್ಗೆ ಮರುಕ ಬಂತು. ಎರಡನೆಯ ಸುತ್ತಿನಲ್ಲಿ ನಿಲ್ಲಿಸೋಣವೆಂದು ಹಿಮ್ಮಡಿ ತಿರುಚಿದೆ. ಬಿಡಲಿಲ್ಲ. ಮೂರನೆಯ ಸುತ್ತಿನಲ್ಲಿ ಇನ್ನೊಂದು ಕಾಲು ನೋಡಿದೆ. ಅದೂ ಬಿಡಲಿಲ್ಲ. ಆಮೇಲೆ ಸುತ್ತಿನ ಲೆಕ್ಕ ತಪ್ಪಿತು. ನಿಂತರೆ ಬೀಳುತ್ತೇನೆಂದು ಗೊತ್ತಿದ್ದುದರಿಂದ ನಿಲ್ಲುವ ಹಾಗಿರಲಿಲ್ಲ. ಮೈದಾನದಲ್ಲಿ ವಾಕಿಂಗ್ ಮಾಡುತ್ತಿದ್ದ ನಿವೃತ್ತರ ಗುಂಪು ನನ್ನ ಉತ್ಸಾಹವನ್ನು ಮೆಚ್ಚಿಕೊಂಡಿತು. ಹತ್ತನೆಯದೋ ಹನ್ನೊಂದನೆಯದೋ ಸುತ್ತಿನಲ್ಲಿ ಒಬ್ಬರು ಹಿರಿಯರು, ಸಾಕು ಮೇಡಂ, ಸುಸ್ತಾಗುತ್ತದೆ, ನೀರು ಕುಡಿಯಿರಿ ಎನ್ನುತ್ತ ಬಾಟಲಿ ಹಿಡಿದು ದಾರಿಗೇ ಬಂದರು. ಬ್ರೇಕ್ ಹಿಡಿದೆ. ಕಲಿತದ್ದು ಕಲಿಸಿದ್ದು ಯಾವುದೂ ಸಹಾಯಕ್ಕೆ ಬರಲಿಲ್ಲ. ಎಡಕ್ಕೆ ವಾಲಿದೆ, ವಾಲುತ್ತಿದ್ದೇನೆ ಎಂದು ಪೂರ್ತಿ ತಿಳಿಯುವಷ್ಟು ನಿಧಾನಕ್ಕೆ ವಾಲಿದೆ, ಬಿದ್ದೆ. ಬಿದ್ದ ಮೇಲೂ ಎರಡೂ ಕಾಲು ಪೆಡಲಿನಲ್ಲೇ ಇದ್ದವು. ಅಂಗಾತ ಬಿದ್ದ ಜೀರುಂಡೆಯ ಹಾಗೆ ಒದ್ದಾಡುತ್ತಿದ್ದವಳ ಬೂಟನ್ನು ಆ ಹಿರಿಯರೇ ಹಿಡಿದು ತಿರುಚಿ ಬಿಡಿಸಿದರು.

ಮನೆಯಲ್ಲಿ ಹೇಳಲಿಲ್ಲ. ಮೊಣಕಾಲಿನ ಗಾಯ ಸೀರೆಯಲ್ಲಿ ಮುಚ್ಚಿಹೋಯಿತು. ಇನ್ನೂ ನಾಲ್ಕೈದು ಸಲ ಬಿದ್ದು, ಎಡಗಾಲನ್ನು ಹೇಗೋ ಬಿಡಿಸಲು ಕಲಿತೆ. ಬಲಗಾಲನ್ನು ಕಲಿಯುವ ಗೋಜಿಗೆ ಹೋಗಲಿಲ್ಲ; ನಿಲ್ಲಲು ಒಂದು ಕಾಲು ಸಾಕಲ್ಲ ಎಂಬ ಲೆಕ್ಕ.

ಅಷ್ಟು ಹೊತ್ತಿಗೆ ಊರಿನ ಸೈಕಲ್ ತಂಡಕ್ಕೆ ನನ್ನ ಸುದ್ದಿ ಸಿಕ್ಕಿತ್ತು. ತಂಡದ ಕ್ಯಾಪ್ಟನ್ ಟೈಲ್ಸ್ ವ್ಯಾಪಾರ ಮಾಡುವವರು. ಅಂಗಡಿಯಲ್ಲಿ ಅವರು ಸಾಧುಸ್ವಭಾವದ ಮನುಷ್ಯ. ಆದರೆ ಮೈಗಂಟುವ ಬಣ್ಣದ ಅಂಗಿ ತೊಟ್ಟರೆಂದರೆ ಸೇನಾಪತಿ. ನಿಮಿಷಕ್ಕೆ ಎಷ್ಟು ತುಳಿತ, ಎದೆಬಡಿತ ಎಷ್ಟು, ಗಂಟಲಿಗೆ ನೀರು ಯಾವಾಗ, ಎಲ್ಲಕ್ಕೂ ಅವರ ಆಜ್ಞೆ ಆಗಬೇಕು. ಒಂಬತ್ತು ಜನ ಸಾಲಾಗಿ, ಒಬ್ಬರ ಹಿಂದೆ ಒಬ್ಬರು ಮೊಳದ ಅಂತರದಲ್ಲಿ ಹೋಗಬೇಕು, ಅವರು ಕೈ ಎತ್ತುವವರೆಗೆ ಯಾರೂ ಪೆಡಲಿನಿಂದ ಕಾಲು ತೆಗೆಯಬಾರದು. ತೆಗೆದರೆ ಅದು ಅಭ್ಯಾಸವಿಲ್ಲದವರ ಲಕ್ಷಣವಂತೆ. ನಾನು ಎಲ್ಲರಿಗಿಂತ ಹಿಂದೆ ಇರುತ್ತಿದ್ದೆ, ಕಾಲನ್ನೂ ತೆಗೆಯುತ್ತಿದ್ದೆ. ಬೇರೆಯವರ ಬ್ರೇಕಿನ ಮೇಲೆ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ.

ಚಳಿಗಾಲದ ಒಂದು ಭಾನುವಾರ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವುದೆಂದಾಯಿತು. ತೀರ್ಥಹಳ್ಳಿಯಲ್ಲಿ ನನ್ನ ಅಕ್ಕ ಇದ್ದಾಳೆ, ಮನೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಅವಳ ಮನೆಗೆ ಸೈಕಲ್ಲಿನಲ್ಲಿ ಹೋಗಿ ಇಳಿಯಬೇಕೆಂದು ನನಗೂ ಆಸೆ. ಬಟ್ಟೆಮಲ್ಲಪ್ಪ ಎಂಬ ಊರು ದಾಟಿದ ಮೇಲೆ ಕ್ಯಾಪ್ಟನ್ ಮೂತ್ರ ವಿಸರ್ಜನೆಗೆಂದು ರಸ್ತೆ ಇಳಿದು ಹೋಗಿ ಬಂದರು. ಬೂಟಿಗೆ ಮೆತ್ತಿದ ಕೆಸರನ್ನು ಸರಿಯಾಗಿ ತೆಗೆಯದೆ ಹಾಗೇ ಪೆಡಲಿಗೆ ಒತ್ತಿದ್ದನ್ನು ನಾನು ನೋಡಿದೆ. ಹೇಳಬಹುದಿತ್ತು, ಹೇಳಲಿಲ್ಲ. ಆಜ್ಞೆ ಕೊಡುವವರಿಗೆ ಬುದ್ಧಿ ಹೇಳುವುದು ಯಾಕೆ ಎಂದು ಸುಮ್ಮನಾದೆ.

ಸ್ವಲ್ಪ ಮುಂದೆ ಒಂದು ತಿರುವು. ಅದರ ಆಚೆ ಮೋರಿ ಕೆಲಸ ನಡೆಯುತ್ತಿತ್ತು. ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸೊಬ್ಬಳು ಕೆಂಪು ಬಾವುಟ ಹಿಡಿದು ಅಡ್ಡ ನಿಂತಳು. ಕ್ಯಾಪ್ಟನ್ ಗಕ್ಕನೆ ನಿಂತರು. ಕಾಲು ತಿರುಚಿದರು, ಕೆಸರು ಕಚ್ಚಿದ ಪೆಡಲು ಬಿಡಲಿಲ್ಲ. ಅವರು ಪಕ್ಕಕ್ಕೆ ವಾಲಿ ದಾರಿಗೆ ಅಡ್ಡ ಬಿದ್ದರು. ಹಿಂದಿನವರು ಆಜ್ಞೆ ಪಾಲಿಸಿ ಕಾಲು ತೆಗೆಯದೆ ಇದ್ದುದರಿಂದ ಒಬ್ಬರ ಮೇಲೊಬ್ಬರು ಶಿಸ್ತಿನಿಂದಲೇ ಬಿದ್ದರು. ಎಂಟು ಜನ, ಎಂಟು ಹೆಲ್ಮೆಟ್. ಕಾಲೂರಿ ನಿಂತವಳು ನಾನೊಬ್ಬಳೇ. ಯಾರಿಗೂ ದೊಡ್ಡ ಪೆಟ್ಟಾಗಿಲ್ಲ ಎಂದು ನೋಡಿಕೊಂಡು ಆಮೇಲೆ ನಕ್ಕೆ. ಅಷ್ಟು ಮರ್ಯಾದೆ ನನಗಿದೆ. ಬಾವುಟದವಳು ಹತ್ತಿರ ಬಂದು ಒಬ್ಬೊಬ್ಬರ ಕಾಲನ್ನೂ ಬಗ್ಗಿ ನೋಡಿದಳು.

"ಅಲ್ಲ ಮಾರಾಯ್ರಾ, ಎಂತಕ್ಕೆ ಕಾಲು ಕಟ್ಕಂಡು ಬರೋದು?" ಎಂದು ಕೇಳಿದಳು.

ಕ್ಯಾಪ್ಟನ್, ಬಾವುಟ ಹಿಡಿಯುವ ಕ್ರಮ ಅದಲ್ಲ, ಇನ್ನೂ ಹಿಂದೆಯೇ ತೋರಿಸಬೇಕು ಎಂದು ಅವಳಿಗೇ ಪಾಠ ಹೇಳತೊಡಗಿದರು. ಅವಳು ಕೇಳುವಷ್ಟು ಕೇಳಿ ಲಾರಿ ಬಿಡಲು ಹೋದಳು.

ಅಲ್ಲಿಂದ ಹೊಸನಗರದವರೆಗೆ ನಾನು ನೆಲದ ಮೇಲಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಗೆ ಶುರು ಮಾಡಬೇಕು, ಕ್ಯಾಪ್ಟನ್ನರ ಮುಖ ಯಾವಾಗ ಮಾಡಿ ತೋರಿಸಬೇಕು ಎಂದು ದಾರಿಯುದ್ದಕ್ಕೂ ಕಟ್ಟಿಕೊಳ್ಳುತ್ತ ಬಂದೆ. ಬಸ್ ನಿಲ್ದಾಣದ ಎದುರು ಹೋಟೆಲ್ಲಿನ ಮುಂದೆ ಎಲ್ಲರೂ ಇಳಿದರು. ನಾನು ಎಡಗಾಲು ಬಿಡಿಸಿದೆ, ತಲೆ ಎತ್ತಿದೆ. ಅಲ್ಲಿ ಚರಂಡಿಯ ಕಡೆಗೆ ರಸ್ತೆ ಕೊಂಚ ಇಳಿಜಾರು. ಸೈಕಲ್ ಬಲಕ್ಕೆ ವಾಲಿತು. ಬಲಗಾಲು ಕಲಿತೇ ಇರಲಿಲ್ಲ. ಹೊರಡಲು ತಯಾರಾಗಿ ಜನ ತುಂಬಿದ್ದ ಬಸ್ಸಿನ ಎದುರು, ಕಾಫಿ ಲೋಟ ಹಿಡಿದ ಎಂಟು ಜನರ ಎದುರು, ಬಿಡಿಸಿದ ಎಡಗಾಲನ್ನು ಆಕಾಶಕ್ಕೆ ಎತ್ತಿಕೊಂಡು ನಾನು ಬಲಗಡೆಗೆ ಬಿದ್ದೆ. ಕೈ ಊರಿದ್ದರಿಂದ ಮಣಿಕಟ್ಟಿನಲ್ಲಿ ಲಟಕ್ ಎಂದಿತು. ಯಾರೂ ನಗಲಿಲ್ಲ. ಕ್ಯಾಪ್ಟನ್ ಲೋಟ ಇಟ್ಟು ಓಡಿ ಬಂದು, ಅಲುಗಾಡಬೇಡಿ ಮೇಡಂ ಎಂದು ತಮ್ಮ ಕೊರಳಿನ ಬಟ್ಟೆ ಬಿಚ್ಚಿ ನನ್ನ ಕೈಗೆ ಜೋಳಿಗೆ ಕಟ್ಟಿದರು. ಆಸ್ಪತ್ರೆಗೆ ಆಟೋದಲ್ಲಿ ಜೊತೆಗೆ ಬಂದು, ನಮ್ಮ ಮನೆಗೆ ಫೋನ್ ಮಾಡಿದವರೂ ಅವರೇ. ಆ ಅರ್ಧ ಗಂಟೆ ಅವರ ಆಜ್ಞೆಗಳನ್ನೆಲ್ಲ ನಾನು ತುಟಿ ಬಿಚ್ಚದೆ ಪಾಲಿಸಿದೆ. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಕೆಸರಿನ ವಿಷಯ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂಬ ಯೋಚನೆ ಎಕ್ಸ್‌ರೇ ತೆಗೆಯುವಾಗ ಬಂತು.

ಸಣ್ಣ ಬಿರುಕು; ಆರು ವಾರ ಪಟ್ಟಿ. ಮಧ್ಯಾಹ್ನದ ಬಸ್ಸಿನಲ್ಲಿ ಯಜಮಾನರು ಬಂದರು. ಕೈಯಲ್ಲೊಂದು ಬಟ್ಟೆಯ ಚೀಲ. ನಾನು ಮಾತಿಗೆ ಸಿದ್ಧವಾಗಿದ್ದೆ. ಏಳೆಂಟು ತಿಂಗಳು ಅವರನ್ನು ಆಡಿಕೊಂಡವಳು, ಎಂತಹ ಮಾತು ಬಂದರೂ ಅದು ನ್ಯಾಯವೇ. ಅವರು ನೋವಿದೆಯಾ ಎಂದು ಕೇಳಿದರು, ಬಗ್ಗಿ ನನ್ನ ಬೂಟು ಬಿಚ್ಚಿದರು, ಚೀಲದಿಂದ ನನ್ನ ಚಪ್ಪಲಿ ತೆಗೆದು ಹಾಕಿದರು. ಅದೇ ಚೀಲದಲ್ಲಿ ಅವರ ಬೂಟುಗಳೂ ಇದ್ದವು.

"ಇದು ಎಂತಕ್ಕೆ?" ಎಂದೆ.

"ಸೈಕಲ್ ಇಲ್ಲೇ ಬಿಟ್ಟು ಹೋಗಕ್ಕಾಗ್ತದಾ? ನೀನು ಬಸ್ಸಲ್ಲಿ ಬಾ. ನಾನು ನಿಧಾನಕ್ಕೆ ಹೋಗ್ತೀನಿ."

ಬೇಡವೆಂದೆ, ಬೀಳುತ್ತೀರಿ ಎಂದೆ. ಬಿದ್ದರೆ ಏಳುತ್ತೇನೆ ಎಂದರು. ಅವರು ಹೊರಟ ಒಂದು ಗಂಟೆಯ ನಂತರ ನನ್ನ ಬಸ್ಸು ಹೊರಟಿತು. ಬಟ್ಟೆಮಲ್ಲಪ್ಪದ ಈಚೆ ಒಂದು ಏರಿನಲ್ಲಿ ಅವರು ಕಂಡರು. ಒಂದೇ ಕಾಲು ಕಚ್ಚಿಸಿಕೊಂಡು, ಇನ್ನೊಂದನ್ನು ಹೊರಕ್ಕೆ ಚಾಚಿ, ಕಪ್ಪೆಯ ಹಾಗೆ ಮಂಡಿ ಅಗಲಿಸಿ ತುಳಿಯುತ್ತಿದ್ದರು. ಅಷ್ಟು ಕುರೂಪವಾಗಿ ಸೈಕಲ್ ತುಳಿಯುವವರನ್ನು ನಾನು ಇದುವರೆಗೆ ಕಂಡಿಲ್ಲ. ಕಂಡಕ್ಟರ್ ಕಿಟಕಿಯಲ್ಲಿ ಬಗ್ಗಿ ನೋಡಿ, ಈ ವಯಸ್ಸಿನಲ್ಲಿ ಇದೆಂತ ಖಯಾಲಿ ಎಂದು ನನ್ನ ಕಡೆ ತಿರುಗಿ ನಕ್ಕ. ಬಸ್ಸಿನಲ್ಲಿ ಇನ್ನೂ ನಾಲ್ಕು ಜನ ನಕ್ಕರು. ನನಗೆ ಮೈ ಉರಿಯಿತು. ಅವರು ನನ್ನ ಯಜಮಾನರು ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದೆ. ಅವರು ಬೀಳದೆ ಸಂಜೆಗೆ ಮನೆ ಸೇರಿದರು.

ಪಟ್ಟಿ ಬಿಚ್ಚಿದ ಮೇಲೆ ಜಗುಲಿಯ ಗೋಡೆ ಹಿಡಿದುಕೊಂಡು ಎಡಗಾಲು ಐವತ್ತು ಸಲ, ಬಲಗಾಲು ಐವತ್ತು ಸಲ, ದಿನಾ ಬೆಳಗ್ಗೆ. ಅವರು ಪೇಪರ್ ಓದುತ್ತ ಎಣಿಸುತ್ತಿದ್ದರು. ನಾನು ಎರಡು ಹಾರಿಸಿದರೆ ಪೇಪರಿನ ಹಿಂದಿನಿಂದಲೇ ಹಿಡಿಯುತ್ತಿದ್ದರು. ತಮಗೆಂದು ಅವರು ಅಗಲ ಪೆಡಲಿನ, ಬೆಲ್ಲಿರುವ, ಕ್ಯಾರಿಯರಿರುವ ಒಂದು ಸೈಕಲ್ ತಂದುಕೊಂಡಿದ್ದರು. ಕ್ಯಾರಿಯರಿನಲ್ಲಿ ಕೊತ್ತಂಬರಿ ಸೊಪ್ಪು ತರುವ ಮನುಷ್ಯನಿಗೂ ನನಗೂ ಒಂದೇ ದಾರಿ ಹೇಗಾದೀತು ಎಂದುಕೊಂಡಿದ್ದೆ. ಆದರೂ ಮುಂದಿನ ಚಳಿಗಾಲದಲ್ಲಿ ತಂಡ ಗಿಂಡ ಏನೂ ಇಲ್ಲದೆ ಇಬ್ಬರೇ ಹೊರಟೆವು. ಹೊಸನಗರದಲ್ಲಿ ರಾತ್ರಿ ಉಳಿದು, ಮರುದಿನ ತೀರ್ಥಹಳ್ಳಿ. ಪ್ರತಿ ಏರಿನಲ್ಲೂ ಅವರು ಇಳಿದು ತಳ್ಳಿಕೊಂಡು ಬರುತ್ತಿದ್ದರು, ನಾನು ಮೇಲೆ ಹೋಗಿ ಎರಡೂ ಕಾಲು ಬಿಡಿಸಿ ಕಾಯುತ್ತಿದ್ದೆ.

ಅಕ್ಕನ ಮನೆಗೆ ನಾನೇ ಮೊದಲು ಮುಟ್ಟಿದೆ. ಗೇಟಿನ ಎದುರು ಸಲೀಸಾಗಿ ಇಳಿದು, ಟಕ್ ಟಕ್ ಎಂದು ಮೆಟ್ಟಿಲು ಹತ್ತಿದೆ. ಹೊಲಿಗೆ ಯಂತ್ರದ ಮುಂದಿನಿಂದ ಅಕ್ಕ ತಲೆ ಎತ್ತಿ ನೋಡಿದ್ದು ನನ್ನ ಮುಖವನ್ನಲ್ಲ, ಕಾಲನ್ನು.

"ಇದೆಂತದೇ, ಲಾಳ ಹೊಡೆಸ್ಕಂಡು ಬಂದೀಯ? ನೆಲ ಗೀರು ಬೀಳ್ತದೆ, ಹೊರಗೆ ಬಿಚ್ಚಿಡು."

ಅವು ಏಕೆ ಬೇಕು, ಶಕ್ತಿ ಹೇಗೆ ಉಳಿಯುತ್ತದೆ ಎಂದು ಬಿಡಿಸಿ ಹೇಳಿದೆ. ಅವಳು ದಾರ ಕತ್ತರಿಸುತ್ತ ಪೂರ್ತಿ ಕೇಳಿದಳು. ಅಷ್ಟರಲ್ಲಿ ಯಜಮಾನರು ಬೆಲ್ ಬಾರಿಸುತ್ತ ಬಂದು, ಹವಾಯಿ ಚಪ್ಪಲಿ ಬಾಗಿಲಲ್ಲಿ ಕಳಚಿ ಒಳಗೆ ನಡೆದರು. ಅಕ್ಕ ಎದ್ದು, ಬನ್ನಿ ಬನ್ನಿ, ಸುಸ್ತಾಗಿರ್ತದೆ ಎನ್ನುತ್ತ ಬಿಸಿ ಕಡುಬಿನ ಮೊದಲ ತಟ್ಟೆಯನ್ನು ಅವರ ಮುಂದಿಟ್ಟಳು. ನಾನು ಇನ್ನೂ ಮೆಟ್ಟಿಲ ಮೇಲೆ ಕೂತು ಎರಡನೆಯ ಬೂಟಿನ ಬಿಗಿತ ಸಡಿಲಿಸುತ್ತಿದ್ದೆ.