ಬಾಲ್ದಿಯಲ್ಲಿ ಸುತ್ತು ಹಾಕಿದ ಮುಳ್ಳು

ಮೊನ್ನೆ ಮೊಮ್ಮಗಳು ಇಲ್ಲೇ ಮಸ್ಕತ್ತಿನ ಅಲ್ ಖುವೈರ್ ಪೇಟೆಯಿಂದ ಜಪಾನಿ ಊಟದ ಡಬ್ಬಿ ತಂದಳು. ಮೂಲೆಯಲ್ಲಿ ಬಟಾಣಿಯಷ್ಟು ಹಸಿರು ಮುದ್ದೆ. ಮೂಗಿನ ಹತ್ತಿರ ಒಯ್ದೆ. ಸಾಸಿವೆ ಅರೆದ ಹಾಗೆ ಘಾಟು ನೆತ್ತಿಗೆ ಹೊಡೆಯಿತು. ಆ ಘಾಟು ನನಗೆ ಹೊಸದಲ್ಲ. ಕೆಳಗಿನ ಮನೆಯಲ್ಲಿದ್ದ ಅಡುಗೆಯವನ ಬೆರಳುಗಳಲ್ಲಿ ಅದು ಯಾವಾಗಲೂ ಇರುತ್ತಿತ್ತು...

ಉಳ್ಳಾಲದ ಕಡೆಯ ಬ್ಯಾರಿ ಅವನು. ಇಲ್ಲಿಯ ಒಂದು ಜಪಾನಿ ಹೋಟೆಲಿನಲ್ಲಿ ಮೀನು ಕೊಯ್ಯುವ ಕೆಲಸ. ಶುಕ್ರವಾರ ನಮಾಜು ಮುಗಿಸಿ ನಮ್ಮಲ್ಲಿಗೆ ಗಂಜಿಗೆ ಬರುತ್ತಿದ್ದ. ನಾನು ಮಸ್ಕತ್ತಿನ ಮಗನ ಮನೆಗೆ ಬರುವ ಮೊದಲು ಮಲ್ಪೆಯಲ್ಲಿ ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಶಾಲೆ ಎರಡನೇ ಕ್ಲಾಸಿಗೇ ಮುಗಿಯಿತು. ಅಕ್ಷರಕ್ಕಿಂತ ಮೀನು ಹೆಚ್ಚು ಗೊತ್ತು. ಅದಕ್ಕೇ ಅವನು ನನ್ನ ಬಳಿ ಬರುತ್ತಿದ್ದದ್ದು ಎಂದು ಆಮೇಲೆ ಅರ್ಥವಾಯಿತು.

ಅವನ ಹೋಟೆಲಿನಲ್ಲಿ ಮೀನನ್ನು ಜೀವ ಇರುವಾಗಲೇ ಕೊಯ್ದು ಬಡಿಸುತ್ತಿದ್ದರಂತೆ. ಕೊಯ್ಯುವುದು ದೊಡ್ಡ ವಿದ್ಯೆಯಲ್ಲ, ಸಾಯದ ಹಾಗೆ ಕೊಯ್ಯುವುದು ವಿದ್ಯೆ. ತಟ್ಟೆಯ ಮೇಲೆ ಮೀನು ಬಾಯಿ ಆಡಿಸಿದರೆ ಗಿರಾಕಿಗಳು ಚಪ್ಪಾಳೆ ತಟ್ಟುತ್ತಾರಂತೆ. ನಾನು ನಂಬಲಿಲ್ಲ.

"ಬುರುಡೆ ಬಿಡಬೇಡ ಮಾರಾಯ. ಮೀನಿನ ವಿಷಯ ನನಗೆ ಹೇಳ್ತೀಯಾ?"

"ಬರುವ ಶುಕ್ರವಾರ ತೋರಿಸ್ತೇನೆ ಅಮ್ಮ. ನೀವು ಗಂಜಿ ಮಾತ್ರ ಮಾಡಿಡಿ."

ಬಾಲ್ದಿಯಲ್ಲಿ ಒಂದು ಹಮ್ಮೂರ್ ತಂದ, ನಮ್ಮ ಮುರು ಮೀನೇ. ಮಿಡುಕುವ ಮೀನಿಗೆ ಕತ್ತಿ ಇಡುವ ಕ್ರಮ ನಮ್ಮ ಮನೆಯಲ್ಲಿ ಇಲ್ಲ. ಒದ್ದೆ ಗೋಣಿ ಮುಚ್ಚಿ, ಮೇಲೆ ಅಂಗೈ ಇಟ್ಟು, ಅಲುಗಾಟ ನಿಂತ ಮೇಲೆಯೇ ಕೊಯ್ಯುವುದು. ಅಮ್ಮ ಕಲಿಸಿದ್ದು. ಯಾಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತು ಗೋಣಿ ಹುಡುಕಲು ಎದ್ದವಳು ಮತ್ತೆ ಕುಳಿತೆ.

ಅವನು ಮೀನಿನ ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿ, ಎರಡೂ ಬದಿಯ ಮಾಂಸವನ್ನು ತೆಳ್ಳಗೆ ಬಿಡಿಸಿದ. ಬಟ್ಟೆ ತೆಗೆದ. ಮಗ ವಿಡಿಯೊ ಮಾಡುತ್ತಿದ್ದ. ಮೊಮ್ಮಗಳು ಆಗ ಸಣ್ಣವಳು. "ಅಜ್ಜಿ, ಇಟ್ಸ್ ಲುಕಿಂಗ್ ಅಟ್ ಮಿ" ಎಂದು ಸೊಸೆಯ ಹಿಂದೆ ಅಡಗಿದಳು. ಮೀನಿನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದು ಏನೋ ಹೇಳುತ್ತಿದೆ, ನಮಗೆ ಕೇಳಿಸುತ್ತಿಲ್ಲ ಎನ್ನುವ ಹಾಗೆ.

ಎಲ್ಲರೂ ರುಚಿ ನೋಡಿದ ಮೇಲೆ ಅವನು ತಲೆ, ನಡುಮುಳ್ಳು, ಬಾಲ ಇಷ್ಟನ್ನೇ ಎತ್ತಿ ಮತ್ತೆ ಬಾಲ್ದಿಗೆ ಬಿಟ್ಟ. ಅದು ಈಜಿತು. ಕಣ್ಣಾರೆ ನೋಡಿದ್ದೇನೆ. ಮೈಯಿಲ್ಲದ ಮೀನು ಬಾಲ್ದಿಯೊಳಗೆ ಒಂದು ಸುತ್ತು ಹಾಕಿ, ನನ್ನ ಕಡೆ ಮುಖ ಮಾಡಿ ನಿಂತಿತು.

ಉಳಿದವರು ಒಳಗೆ ಹೋದರು. ಅವನು ಬಾಲ್ದಿಯ ಹತ್ತಿರವೇ ಕುಳಿತಿದ್ದ.

"ಅಮ್ಮ, ನೀವು ಇಷ್ಟು ಮೀನು ಕಂಡವರು. ಇದಕ್ಕೆ ನೋವಾಗ್ತದಾ? ಆಗ್ತದೆ ಅಂತ ನೀವು ಹೇಳಿದರೆ ನಾಳೆಯೇ ವೀಸಾ ಕೊಟ್ಟ ಕಫೀಲ್ ಹತ್ತಿರ ಖಲಾಸ್, ಕೆಲಸ ಸಾಕು ಅಂತ ಹೇಳಿ ಊರಿಗೆ ಹೋಗ್ತೇನೆ."

ಗೋಣಿಯ ಅಡಿಯಲ್ಲಿ ಮಿಡುಕಿದ್ದೆಲ್ಲ ನನ್ನ ಅಂಗೈಗೆ ಗೊತ್ತಿತ್ತು. ಆದರೆ ಕೈಯಲ್ಲಿದ್ದ ಕೆಲಸ ಒಂದು ಮೀನಿಗಾಗಿ ಬಿಡುವುದುಂಟೇ ಎಂದು...

"ಮೀನಿಗೆ ಎಂಥ ನೋವು? ಹುಚ್ಚು ಮಾತಾಡಬೇಡ. ಕೈ ತೊಳೆದು ಗಂಜಿಗೆ ಬಾ."

ಅವನು ಕೆಲಸ ಬಿಡಲಿಲ್ಲ. ಬರಬರುತ್ತಾ ಮೀನು ತಿನ್ನುವುದು ಬಿಟ್ಟ. ಸಾರಿನಲ್ಲಿ ಬೆಂದ ಬಂಗುಡೆಯನ್ನೂ ಬೆರಳಿನಲ್ಲಿ ಒತ್ತಿ, ಕಿವಿ ಬಗ್ಗಿಸಿ ಕಾಯುತ್ತಿದ್ದ. "ಸತ್ತದ್ದು ಮಾರಾಯ, ತಿನ್ನು" ಎಂದು ಗದರುತ್ತಿದ್ದೆ. "ನೀವು ಹೇಳಿದ ಮೇಲೆ ಸರಿ ಅಮ್ಮ" ಎಂದು ತಟ್ಟೆ ಆಚೆ ಸರಿಸುತ್ತಿದ್ದ. ಕೊನೆಕೊನೆಗೆ ಮಾತೂ ಹೋಯಿತು. ಏನಾದರೂ ಕೇಳಿದರೆ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಸ್ವರ ಇರುತ್ತಿರಲಿಲ್ಲ... ಹೋಟೆಲಿನವರೇ ಊರಿಗೆ ಕಳಿಸಿದರು. ವರ್ಷ ತುಂಬುವ ಮೊದಲೇ ತೀರಿಕೊಂಡ ಎಂದು ಸುದ್ದಿ ಬಂತು. ಶಾಪಗೀಪ ಎನ್ನುವವಳು ನಾನಲ್ಲ. ಡಾಕ್ಟರು ಯಾವುದೋ ಕಾಯಿಲೆಯ ಹೆಸರು ಹೇಳಿದ್ದರಂತೆ. ಇರಬಹುದು. ಆದರೆ ಅವನು ನನ್ನ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ, ನಾನು ಹೇಳಿದ್ದು ಸುಳ್ಳು.

ಮೊಮ್ಮಗಳು ಡಬ್ಬಿ ಮುಂದೆ ಹಿಡಿದಳು. "ಟ್ರೈ ಮಾಡಿ ಅಜ್ಜಿ, ಫ್ರೆಶ್ ಉಂಟು."

ಅನ್ನದ ಮೇಲೆ ತೆಳ್ಳಗೆ ಒಂದು ಹಸಿ ತುಂಡು. ಅದರ ಮೇಲೆ ಅಂಗೈ ಇಟ್ಟೆ. ಅಲುಗಲಿಲ್ಲ. ಆದರೂ ಕೈ ತೆಗೆಯಲಿಲ್ಲ.

"ಆಗ್ತದೆ ಮಾರಾಯ," ಎಂದೆ. "ನೋವಾಗ್ತದೆ."

ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಿದವನು ಇರಲಿಲ್ಲ.