ಬೆಳೆಯುವ ಮಕ್ಕಳಿಗೆ ಮೂರು ಮಡಿಕೆ

ಬೆಳಗಿನ ಐದೂವರೆ. ಬಸ್ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ ಎರಡನೇ ಮಹಡಿಯ ಹೊಲಿಗೆ ಅಂಗಡಿಯ ದೀಪವೊಂದೇ ಉರಿಯುತ್ತಿದೆ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವಷ್ಟರಲ್ಲಿ ‘ಮಡಿಕೆ ಅಕ್ಕ’ ಆರು ಶಾಲಾ ಪ್ಯಾಂಟುಗಳ ಅಂಚು ಮಡಿಚಿ ಸೀಮೆಸುಣ್ಣದ ಗೆರೆ ಎಳೆದಾಗಿದೆ. ಕಾಲಿನ ತುದಿಯಲ್ಲಿ, ಒಳಗಡೆ, ಮೂರು ಮಡಿಕೆ. ಮಗು ಉದ್ದವಾದಂತೆ ವರ್ಷಕ್ಕೊಂದನ್ನು ಬಿಚ್ಚಿಕೊಡುತ್ತಾರೆ, ಪುಕ್ಕಟೆಯಾಗಿ.

ಅಕ್ಕನ ಬಗ್ಗೆ ಬರೆಯಲೆಂದು ಬಂದು, ನೋಡುತ್ತ ಕೂತ ನನಗೆ ಎರಡನೇ ಕ್ಲಾಸಿನ ಚಡ್ಡಿ ನೆನಪಾಗುತ್ತದೆ. ಅಣ್ಣನದು, ಸೊಂಟಕ್ಕೆ ಪಿನ್ನು ಹಾಕಿದ್ದು. ಅಯ್ಯೋ, ಅದರ ಮೇಲೆ ಎಷ್ಟು ಸಿಟ್ಟಿತ್ತು! ಈಗ ಯಾಕೋ ಅದನ್ನೇ ಒಮ್ಮೆ ಮುಟ್ಟಿ ನೋಡಬೇಕೆನಿಸುತ್ತದೆ.

ಅಕ್ಕನಿಗೆ ಇಪ್ಪತ್ತೊಂಬತ್ತು. ಗಡಿ ದಾಟಿ ಈ ದೇಶಕ್ಕೆ ಬಂದಾಗ ಹತ್ತೊಂಬತ್ತು. ಭಾಷೆ ಬಾರದು, ಗುರುತಿನವರಿಲ್ಲ. ಬಟ್ಟೆ ಅಂಗಡಿಯೊಂದರ ಮೂಲೆಯಲ್ಲಿ ಹೊಲಿಗೆ ಕೆಲಸ. ಮೊದಲ ವಾರವೇ ಎಡವಟ್ಟು. ಗಿರಾಕಿಯೊಬ್ಬರು ಮಗನ ಪ್ಯಾಂಟು ಕೊಟ್ಟು ಎರಡು ಬೆರಳು ಎತ್ತಿದರು. ಎರಡು ಇಂಚು ಕತ್ತರಿಸು ಎಂದು ಅವರ ಲೆಕ್ಕ.

“ನಮ್ಮಮ್ಮ ಅಳತೆ ತಗೊಳ್ತಿದ್ದದ್ದೇ ಬೆರಳಲ್ಲಿ. ಎರಡು ಬೆರಳಷ್ಟು ಒಳಗೆ ಮಡಿಚಿ ಹೊಲಿದುಬಿಟ್ಟೆ. ಕತ್ತರಿಸೋದಾ? ಬಟ್ಟೆ ಕತ್ತರಿಸಿ ಬಿಸಾಕಿದ್ರೆ ಅಮ್ಮ ಊಟಾನೇ ಹಾಕ್ತಿರಲಿಲ್ಲ. ಅವಳು ಹೊಲಿದ ಒಂದೇ ಪ್ಯಾಂಟಲ್ಲಿ ನಾನು ಮೂರು ಕ್ಲಾಸು ಪಾಸಾದೆ.”

ಗಿರಾಕಿ ಕೂಗಾಡಿದರು. ಎಂಟು ತಿಂಗಳ ಮೇಲೆ ಅವರೇ ಬಂದರು. ಹುಡುಗ ಬೆಳೆದಿದ್ದ, ಮಡಿಕೆ ಬಿಚ್ಚಿದರೆ ಪ್ಯಾಂಟು ಸರಿಹೋಯಿತು. ಮರುದಿನ ಪಕ್ಕದ ಮನೆಯವರನ್ನೂ ಕರೆತಂದರು. ಹಾಗೆ ಶುರುವಾದದ್ದು ಈಗ ಅಕ್ಕನದೇ ಒಂಬತ್ತು ಯಂತ್ರ, ಹನ್ನೊಂದು ಶಾಲೆ, ದಿನಕ್ಕೆ ಎಪ್ಪತ್ತು ಸಮವಸ್ತ್ರ. ಅಕ್ಕನ ಅಮ್ಮ ಮಾತ್ರ ಇನ್ನೂ ಗಡಿಯಾಚೆಯ ಆ ದೇಶದಲ್ಲೇ, ತಮ್ಮ ಹಳೆಯ ಕೋಣೆಯಲ್ಲೇ ಹೊಲಿಯುತ್ತಿದ್ದಾರೆ. ತಾಯಿ ಮಗಳು ಎದುರುಬದುರು ಕೂತು ಹತ್ತು ವರ್ಷವಾಗಿದೆ.

ಇವತ್ತು ಕೆಲಸಕ್ಕೆ ಬಂದವರೆಲ್ಲರ ಕಿವಿಯೂ ಫೋನಿನ ಕಡೆಗೆ. ದೊಡ್ಡ ಶಾಲೆಯೊಂದು ಎರಡು ಸಾವಿರ ಸಮವಸ್ತ್ರ ಹೊಲಿಸಲಿದೆ. ಸಿಕ್ಕರೆ ರಜೆಯ ತಿಂಗಳಲ್ಲೂ ಎಲ್ಲರಿಗೂ ಕೆಲಸ. ಇಲ್ಲದಿದ್ದರೆ ಎಂದಿನಂತೆ ನಾಲ್ವರು ಮನೆಯಲ್ಲಿ ಕೂರಬೇಕು. ಎಂಟಕ್ಕೆ ಫೋನು ಬರುತ್ತದೆ. ಶಾಲೆಯವರದು ಒಂದೇ ಷರತ್ತು: ಮಡಿಕೆ ಬೇಡ, ಮಕ್ಕಳು ಪ್ರತಿವರ್ಷ ಹೊಸದು ಕೊಳ್ಳಲಿ.

“ಆಗಲ್ಲ ಸಾರ್. ಮಕ್ಕಳು ಬೆಳೀತವೆ” ಎನ್ನುತ್ತಾರೆ ಅಕ್ಕ. ಆ ಕಡೆಯವರು ಫೋನು ಇಡುತ್ತಾರೆ.

ಹಿರಿಯ ಟೈಲರ್ ಸುಮ್ಮನಿರುವ ಆಸಾಮಿಯಲ್ಲ. “ತಲೆ ಕೆಟ್ಟಿದೆಯೇನಮ್ಮಾ ನಿಂಗೆ? ರಜೇಲಿ ನಾವೇನು ಗಾಳಿ ತಿನ್ನೋದಾ?”

“ಯಾರನ್ನೂ ಕಳಿಸಲ್ಲ ಮಾವ. ಪರದೆನೋ ದಿಂಬಿನ ಚೀಲಾನೋ, ಬೀದಿ ಬೀದಿ ಅಲೆದಾದ್ರೂ ತರ್ತೀನಿ.”

ಮಾವ ಗೊಣಗುತ್ತಲೇ ಸೂಜಿಗೆ ದಾರ ಪೋಣಿಸುತ್ತಾರೆ. ಬೇಜಾರಾಗಲಿಲ್ಲವೇ ಎಂದು ಅಕ್ಕನನ್ನು ಕೇಳುತ್ತೇನೆ.

“ಆಗದೆ ಇರುತ್ತಾ? ಸಂಜೆ ಅಮ್ಮಂಗೆ ಫೋನ್ ಮಾಡ್ತೀನಿ. ಮೊದಲು ಚೆನ್ನಾಗಿ ಬೈತಾಳೆ. ಆಮೇಲೆ ಫೋನ್ ಇಟ್ಟು, ಚಪ್ಪಲಿ ಮೆಟ್ಕೊಂಡು, ಬೀದಿಯವರಿಗೆಲ್ಲ ಹೇಳ್ಕೊಂಡು ಬರ್ತಾಳೆ, ನನ್ನ ಮಗಳು ಮಡಿಕೆ ಬಿಡಲ್ಲ ಅಂದ್ಲು ಅಂತ.”