ಬಾಯಮ್ಮ ಓದಿದ ಪೇಪರು

ಮೊನ್ನೆ ಉರ್ವ ಮಾರ್ಕೆಟಿನ ಹತ್ತಿರದ ಗಿರಣಿಯಲ್ಲಿ ಯಾರೋ ಬಫಾತ್ ಪುಡಿ ಮಾಡಿಸುತ್ತಿದ್ದರು. ಮೆಣಸು, ಕೊತ್ತಂಬರಿಯ ಘಾಟು ಮೂಗಿಗೆ ಹತ್ತಿ ಸೀನು ಬಂತು. ಸೀನಿನ ಜೊತೆಗೇ ನಮ್ಮ ಪಕ್ಕದ ಮನೆಯ ಬಾಯಮ್ಮ ನೆನಪಾದರು. ಅವರ ಅಡುಗೆಮನೆಯ ಕಿಟಕಿ ನಮ್ಮ ಜಗಲಿಯ ಕಡೆಗಿತ್ತು. ಭಾನುವಾರ ಬಂತೆಂದರೆ ಇದೇ ವಾಸನೆ...

ಬಾಯಮ್ಮ ಗಲ್ಫಿನಲ್ಲಿ ನರ್ಸ್ ಆಗಿದ್ದವರು. ಗಂಡ ಅಲ್ಲೇ ತೀರಿಕೊಂಡ ಮೇಲೆ ಊರಿಗೆ ಬಂದು, ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಆ ವರ್ಷ ಅಲ್ಲಿ ಟಾಂಜಾನಿಯಾದ ಒಬ್ಬ ಹುಡುಗನಿದ್ದ. ಬಲ್ಮಠದ ಕಡೆ ಕಾಲೇಜಿಗೆ ಹೋಗುತ್ತಿದ್ದ. ಅವನ ಮೇಲೆ ಯಾರ ದೂರೂ ಇರಲಿಲ್ಲ. ಒಂದು ಬೆಳಿಗ್ಗೆ ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬಂತು: 'ಗಾಂಜಾ: ಆಫ್ರಿಕದ ವಿದ್ಯಾರ್ಥಿ ಸೆರೆ'. ಸೆರೆಯಾದವನು ಬೇರೆ ಯಾರೋ; ಅವನ ಜೊತೆ ಸಿಕ್ಕಿಬಿದ್ದ ನಮ್ಮ ಊರಿನವರು ಕೊನೆಯ ಸಾಲಿನಲ್ಲಿ 'ಇತರ ಇಬ್ಬರು' ಆಗಿದ್ದರು.

ಕಾಫಿ ಮುಗಿಯುವುದರೊಳಗೆ ನಮ್ಮ ಓಣಿಯ ಗಂಡಸರೆಲ್ಲ ಬಾಯಮ್ಮನ ಅಂಗಳದಲ್ಲಿದ್ದರು. ಎಲ್ಲರಿಗಿಂತ ಮುಂದೆ ನನ್ನ ಮಾವ, ಕರೆಯದಿದ್ದರೂ ಊರ ಉಸಾಬರಿಗೆ ಹೋಗುವವರು.

"ಬಾಯಮ್ಮ, ಆ ಹುಡುಗನಿಂದ ಇವತ್ತೇ ಕೋಣೆ ಬಿಡಿಸಿ ಮಾರಾಯ್ರೆ. ಹೆಣ್ಣುಮಕ್ಕಳಿರುವ ಜಾಗ."

"ಇವ ಎಂತ ಮಾಡಿದ? ಒಳಗೆ ಗಂಜಿ ಊಟ ಮಾಡ್ತಿದ್ದಾನೆ."

"ಸಿಕ್ಕಿದವ ಇವನಲ್ಲ, ಗೊತ್ತುಂಟು. ಆದ್ರೂ ಆಫ್ರಿಕದವನೇ ಅಲ್ವಾ?"

"ಆಫ್ರಿಕ ಎಂತ, ನಮ್ಮ ತೊಕ್ಕೊಟ್ಟು ಪೇಟೆಯಾ? ಎಲ್ಲರೂ ಒಂದೇ ಮನೆಯವರಾ?"

ಯಾರೋ ನಕ್ಕರು. ಬಾಯಮ್ಮ ನಗಲಿಲ್ಲ.

"ಗಲ್ಫಿನ ಪೇಪರಿನಲ್ಲಿ ನಮಗೆ ಹೆಸರಿಲ್ಲ, ಊರಿಲ್ಲ. ಕದ್ದರೂ ಏಷ್ಯನ್, ಸತ್ತರೂ ಏಷ್ಯನ್. ಒಂದು ದಿನ 'ಕಟ್ಟಡದಿಂದ ಬಿದ್ದು ಏಷ್ಯನ್ ಸಾವು' ಅಂತ ಇತ್ತು. ಪಾಪ ಅಂತ ಹೇಳಿ ಪುಟ ಮಗುಚಿ ಡ್ಯೂಟಿಗೆ ಹೋದೆ. ನನ್ನ ಗಂಡ ಬೇರೆ ಊರಿನಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿದ್ದರು. ಅದು ಅವರೇ ಅಂತ ಕಂಪೆನಿಯವರು ಫೋನ್ ಮಾಡಿದ್ದು ಮಧ್ಯಾಹ್ನ."

ಮಾವ ತಲೆ ತಗ್ಗಿಸಿ ಚಪ್ಪಲಿ ಹುಡುಕಿದರು. ಹುಡುಗನಿಂದ ಕೋಣೆ ಬಿಡಿಸಲು ಮತ್ತೆ ಯಾರೂ ಹೇಳಲಿಲ್ಲ. ಆದರೆ ಸಿಟಿ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಅಂಗಡಿಗೆ ಅವನು ಹೋದರೆ ಮಾತು ನಿಲ್ಲುತ್ತಿತ್ತು... ಪರೀಕ್ಷೆ ಮುಗಿದದ್ದೇ ಅವನು ಹಾಸ್ಟೆಲ್ಲಿಗೆ ಹೋದ. ಬಾಯಮ್ಮ ಗೇಟಿನ ಹತ್ತಿರ ನಿಂತು ಅತ್ತರು. ಮಾವನ ಮೇಲಿನ ಸಿಟ್ಟು ನನಗೆ ಯಾವಾಗಲೋ ಇಳಿಯಿತು. ಆ ಹೆಡ್ಡಿಂಗ್ ಕೊಟ್ಟವರ ಮೇಲಿನದು ಇನ್ನೂ ಇಳಿದಿಲ್ಲ. ಮರುದಿನ ಅವರು ಇನ್ನೊಂದು ಹೆಡ್ಡಿಂಗ್ ಕೊಟ್ಟು ಸುಖವಾಗಿದ್ದರು.

ಕಳೆದ ವರ್ಷ ಬಾಯಮ್ಮ ತೀರಿಕೊಂಡರು. ಅವರಿಲ್ಲದ ಮೇಲೆ ದಿನಾ ಬೆಳಿಗ್ಗೆ ಕಂಪೌಂಡಿನ ಆಚೆಯಿಂದ 'ಇವತ್ತು ಪೇಪರಿನಲ್ಲಿ ಎಂತ ಉಂಟು?' ಅಂತ ಕೇಳುವವರಿಲ್ಲ. ನನಗೂ ಪೇಪರು ಓದುವುದರಲ್ಲಿ ಮೊದಲಿನ ರುಚಿಯಿಲ್ಲ. ಇವತ್ತು ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿಯಿತ್ತು: 'ಕಟ್ಟಡದಿಂದ ಬಿದ್ದು ಹೊರರಾಜ್ಯದ ಕಾರ್ಮಿಕ ಸಾವು'. ಹೆಸರು ಹುಡುಕಿದೆ, ಇರಲಿಲ್ಲ. ಪುಟ ಮಗುಚಲು ಕೈ ಬರಲಿಲ್ಲ. ಅವನ ಹೆಂಡತಿ ಈ ಹೊತ್ತಿಗೆ ಎಲ್ಲೋ ಕೆಲಸಕ್ಕೆ ಹೊರಟಿರಬಹುದು.